ಮೇಪಲ್‌ಗೆ ಚಳಿ ಬೇಕು, ಹುಣಸೆಗೆ ನಮ್ಮ ಬಿಸಿಲು ಸಾಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಈ ಶಾಲೆಯಲ್ಲಿ ಓದಿದವನು. ಆಮೇಲೆ ಯಾದಗಿರಿಯಲ್ಲಿ ಪಿಯುಸಿ, ಕಲಬುರ್ಗಿಯಲ್ಲಿ ಬಿ.ಇ., ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಮಿತಿಯವರು ಫೋನ್ ಮಾಡಿ, "ನೀ ಜಪಾನಿನ್ಯಾಗ ಮೂರು ವರ್ಷ ಇದ್ದು ಬಂದೀದಿ, ಅಲ್ಲಿಂದು ಏನಾರ ಹೇಳು" ಅಂದರು. ಕಂಪ್ಯೂಟರ್, ಬುಲೆಟ್ ಟ್ರೇನು ಇವುಗಳ ಬಗ್ಗೆ ಮಕ್ಕಳು ಮೊಬೈಲಿನಲ್ಲಿ ನನಗಿಂತ ಹೆಚ್ಚು ನೋಡಿರುತ್ತಾರೆ. ಹೀಗಾಗಿ ನಾನು ಒಂದು ಗಿಡದ ಬಗ್ಗೆ ಮಾತಾಡುತ್ತೇನೆ ಎಂದೆ. ಒಂದೂವರೆ ಅಡಿ ಎತ್ತರದ, ನನಗಿಂತ ವಯಸ್ಸಿನಲ್ಲಿ ದೊಡ್ಡದಾದ ಒಂದು ಗಿಡ.

ಅದರ ಹೆಸರು ಮೇಪಲ್. ಜಪಾನಿನವರು ಮೋಮಿಜಿ ಎನ್ನುತ್ತಾರೆ, ಕಾಯೆದೆ ಎಂದೂ ಕರೆಯುತ್ತಾರೆ. ಈ ಎರಡನೆಯ ಹೆಸರಿನ ಮೂಲ ಅರ್ಥ ‘ಕಪ್ಪೆಯ ಕೈ’. ಎಲೆ ನೋಡಿದರೆ ಹೆಸರು ಸರಿ ಎನಿಸುತ್ತದೆ, ಐದೋ ಏಳೋ ಬೆರಳು ಅಗಲಿಸಿ ಹಿಡಿದ ಪುಟ್ಟ ಅಂಗೈ. ನವೆಂಬರ್ ಕೊನೆಗೆ ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಆಗತೊಡಗಿದಾಗ ಎಲೆಯಲ್ಲಿನ ಹಸಿರು ಕರಗಿ, ಒಳಗೆ ಉಳಿದ ಸಕ್ಕರೆಯಿಂದ ಕೆಂಪು ಬಣ್ಣ ಹುಟ್ಟುತ್ತದೆ. ಇಡೀ ಊರು ಅದನ್ನು ನೋಡಲು ಬುತ್ತಿ ಕಟ್ಟಿಕೊಂಡು ಹೊರಡುತ್ತದೆ. ಸಿನೆಮಾಗಳಲ್ಲಿ ಕಾಶ್ಮೀರದ ಕೆಂಪೆಲೆ ತೋರಿಸುತ್ತಾರಲ್ಲ, ಅದು ಚಿನಾರ್, ಬೇರೆ ಜಾತಿಯ ಮರ. ನಮ್ಮ ಹಿಮಾಲಯದಲ್ಲಿ ಮೇಪಲ್ ಕುಲದ ಬೇರೆ ಮರಗಳು ಇವೆ.

ಇಂಥ ಮರವನ್ನು ತಾಟಿನಂಥ ಕುಂಡದಲ್ಲಿ ಬೆಳೆಸುವುದೇ ಬೋನ್ಸಾಯ್. ಬೋನ್ ಅಂದರೆ ತಗ್ಗು ಪಾತ್ರೆ, ಸಾಯ್ ಅಂದರೆ ನೆಟ್ಟದ್ದು. ಮೂಲ ಚೀನಾದ್ದು, ಹೆಸರು ಮಾಡಿದ್ದು ಜಪಾನು. ಇದು ಕುಳ್ಳ ಜಾತಿಯ ಗಿಡವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದೇ ಬೀಜವನ್ನು ಕಾಡಿನಲ್ಲಿ ಬಿತ್ತಿದರೆ ಎರಡು ಮೂರು ಆಳೆತ್ತರ ಬೆಳೆಯುತ್ತದೆ.

2016ರಿಂದ 2019ರವರೆಗೆ ನಾನು ಟೋಕಿಯೋ ಪಕ್ಕದ ಸೈತಾಮ ಎಂಬ ಪ್ರಾಂತ್ಯದಲ್ಲಿದ್ದೆ. ನನ್ನ ಕೋಣೆಯಿಂದ ಕೆಲವು ಸ್ಟೇಷನ್ ಆಚೆ ಓಮಿಯ ಅನ್ನೋ ಜಾಗ. ಅಲ್ಲಿ ಬೋನ್ಸಾಯ್‌ಗೆಂದೇ ಒಂದು ಊರಿದೆ. 1923ರ ಸೆಪ್ಟೆಂಬರ್ 1ರಂದು ಟೋಕಿಯೋದಲ್ಲಿ ಭಾರೀ ಭೂಕಂಪವಾಗಿ, ಬೆಂಕಿ ಬಿದ್ದು ನಗರ ಹಾಳಾಯಿತು. ನಗರದೊಳಗೆ ಬೋನ್ಸಾಯ್ ಬೆಳೆಸುತ್ತಿದ್ದ ಕುಟುಂಬಗಳು ಒಳ್ಳೆಯ ನೀರು, ಗಾಳಿ, ಬಯಲು ಹುಡುಕಿಕೊಂಡು ಬಂದು 1925ರಲ್ಲಿ ಇಲ್ಲಿ ನೆಲೆಸಿದವು. ಆ ಊರಿನವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಗಳು ನನಗೆ ಬಹಳ ಹಿಡಿಸಿದವು. ಪ್ರತಿ ಮನೆಯಲ್ಲಿ ಕನಿಷ್ಠ ಹತ್ತು ಬೋನ್ಸಾಯ್ ಇರಬೇಕು. ಬೇಲಿ ಜೀವಂತ ಗಿಡದ್ದಾಗಿರಬೇಕು. ಪಕ್ಕದವರ ಗಿಡಕ್ಕೆ ನೆರಳು ಬೀಳಬಾರದು, ಆದ್ದರಿಂದ ಎರಡಂತಸ್ತಿನ ಮನೆ ಕಟ್ಟಬಾರದು. ಮತ್ತು ಬಾಗಿಲು ಎಲ್ಲರಿಗೂ ತೆರೆದಿರಬೇಕು. ಈಗ ಅಲ್ಲಿ ನರ್ಸರಿಗಳು ಬೆರಳೆಣಿಕೆಯಷ್ಟು ಉಳಿದಿವೆ. 2010ರಲ್ಲಿ ಒಂದು ಬೋನ್ಸಾಯ್ ವಸ್ತುಸಂಗ್ರಹಾಲಯವೂ ಆಗಿದೆ.

ನನ್ನ ಗುರು ಮಾತ್ರ ನರ್ಸರಿಯವರಲ್ಲ. ನಾನಿದ್ದ ಮನೆಯ ಪಕ್ಕದ ವೃದ್ಧರು, ಎಂಬತ್ತರ ಹತ್ತಿರದ ವಯಸ್ಸು, ರೈಲ್ವೆ ಕೆಲಸದಿಂದ ನಿವೃತ್ತರು. ಹೆಸರು ಬೇಡ, ಅಜ್ಜ ಎಂದೇ ಹೇಳುತ್ತೇನೆ. ಅವರ ಹಿತ್ತಲಲ್ಲಿ ಇಪ್ಪತ್ತು ಕುಂಡಗಳಿದ್ದವು. ನಡುವೆ ಆ ಮೇಪಲ್. ಮದುವೆಯಾದ ವರ್ಷ ಅಜ್ಜ ಅದನ್ನು ಬೀಜದಿಂದ ಎಬ್ಬಿಸಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೂ ಗಿಡ ಇತ್ತು.

ನಾನು ರೈತನ ಮಗ, ಗಿಡಕ್ಕೆ ನೀರು ಹಾಕುವುದು ಏನು ದೊಡ್ಡ ವಿದ್ಯೆ ಎಂದುಕೊಂಡಿದ್ದೆ. ಅಲ್ಲಿ ಒಂದು ಮಾತಿದೆ, ನೀರು ಹಾಕುವುದನ್ನು ಕಲಿಯಲಿಕ್ಕೇ ಮೂರು ವರ್ಷ ಬೇಕು ಅಂತ. ಅಜ್ಜ ಅದನ್ನು ಹೇಳಿದಾಗ ನಕ್ಕಿದ್ದೆ. ನನ್ನ ವೀಸಾ ಸರಿಯಾಗಿ ಮೂರು ವರ್ಷದ್ದು, ಹೀಗಾಗಿ ಆ ಒಂದು ಪಾಠದಲ್ಲಿ ಮಾತ್ರ ಪಾಸಾಗಿ ಬಂದಿದ್ದೇನೆ.

ಯಾಕೆ ಅಷ್ಟು ಕಷ್ಟ? ಹೊಲದ ತೊಗರಿಗೆ ಬೇರು ಇಳಿಯಲು ಆಳದ ನೆಲ ಇದೆ. ಮಳೆ ಹದಿನೈದು ದಿನ ತಪ್ಪಿದರೂ ಅದು ಕೆಳಗಿನ ತೇವ ಹುಡುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ಇರುವುದು ನಾಲ್ಕು ಬೆರಳು ಮಣ್ಣು. ಬೇಸಿಗೆಯ ಒಂದೇ ಹಗಲಲ್ಲಿ ಅದು ಒಣಗಿ ಹೋಗುತ್ತದೆ. ಹಾಗಂತ ದಿನಾ ಸುಮ್ಮನೆ ಸುರಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಅಜ್ಜ ಮೊದಲು ಮಣ್ಣಿನ ಬಣ್ಣ ನೋಡುತ್ತಿದ್ದರು. ಅವರು ಬಳಸುವುದು ಅಕದಾಮ ಎಂಬ ಹರಳು ಹರಳಾದ ಸುಟ್ಟ ಕೆಂಪಿನ ಮಣ್ಣು, ಒದ್ದೆಯಿದ್ದಾಗ ಗಾಢ, ಒಣಗಿದಾಗ ತೆಳು ಬಣ್ಣ. ಆಮೇಲೆ ಬೆರಳಿನ ಒಂದು ಗೆಣ್ಣು ಒಳಗೆ ಇಳಿಸಿ ನೋಡುವರು. ಅನುಮಾನವಿದ್ದರೆ ಕುಂಡ ಎತ್ತಿ ತೂಕ ನೋಡುವರು. ನೀರು ಬೇಕು ಅನ್ನಿಸಿದರೆ ಸಣ್ಣ ತೂತಿನ ಝಾರಿಯಿಂದ ಮಳೆಯಂತೆ ಹಾಕಿ, ಕೆಳಗಿನ ತೂತಿನಿಂದ ಸೋರಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹಾಕುವರು. ಚಳಿಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ವಸಂತದಲ್ಲಿ ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಸಲ. ಈ ಲೆಕ್ಕವನ್ನು ನಾನು ಎಂಜಿನಿಯರ್ ಬುದ್ಧಿಯಿಂದ ಒಂದು ಪಟ್ಟಿ ಮಾಡಿ ತೋರಿಸಿದೆ. ಅಜ್ಜ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, "ಗಿಡ ಇದನ್ನು ಓದಿಲ್ಲ" ಅಂದರು.

ವರ್ಷದ ಉಳಿದ ಕೆಲಸಗಳು ಹೀಗೆ. ಎಲೆ ಉದುರಿದ ಗಿಡ ಇನ್ನೂ ಮಲಗಿರುವಾಗ, ಮೊಗ್ಗು ಉಬ್ಬುವ ಮುಂಚೆ, ಫೆಬ್ರುವರಿ ಕೊನೆ ಮಾರ್ಚ್ ಹೊತ್ತಿಗೆ ಕುಂಡ ಬದಲಿಸಬೇಕು. ಎಳೆಯ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ, ಹಳೆಯದಕ್ಕೆ ಇನ್ನೂ ತಡವಾಗಿ. ಗಿಡ ಹೊರತೆಗೆದು ಬೇರನ್ನು ಹೆಣ್ಣುಮಕ್ಕಳ ತಲೆ ಬಾಚಿದಂತೆ ಬಾಚಿ, ಸುಮಾರು ಮೂರನೆಯ ಒಂದು ಪಾಲು ಕತ್ತರಿಸಿ, ಹೊಸ ಮಣ್ಣಿನಲ್ಲಿ ಕೂಡಿಸಿ, ಅಲುಗಾಡದಂತೆ ತಂತಿಯಿಂದ ಕಟ್ಟಬೇಕು. ಬೇರು ಕತ್ತರಿಸಿದರೆ ಸಾಯುವುದಿಲ್ಲವೇ ಎಂದು ಮಕ್ಕಳು ಕೇಳಬಹುದು. ದಪ್ಪ ಬೇರು ಗಿಡವನ್ನು ನಿಲ್ಲಿಸುತ್ತದೆ, ನೀರು ಕುಡಿಯುವುದು ತುದಿಯ ಕೂದಲಿನಂಥ ಬೇರು. ಕತ್ತರಿಸಿದ ಕಡೆಯಿಂದ ಆ ಸಣ್ಣ ಬೇರುಗಳೇ ಹೆಚ್ಚು ಹುಟ್ಟುತ್ತವೆ. ಏಪ್ರಿಲ್‌ನಲ್ಲಿ ಚಿಗುರು ಬಂದಾಗ ನಡುವಿನ ಕುಡಿಯನ್ನು ಚಿಮಟಿಗೆಯಿಂದ ಚಿವುಟುತ್ತಾರೆ. ಮೇಪಲ್ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ನಡುವಿನ ಕುಡಿ ತೆಗೆದರೆ ಎರಡೂ ಪಕ್ಕದಿಂದ ಒಂದೊಂದು ಟೊಂಗೆ ಒಡೆಯುತ್ತದೆ. ಗಿಡ ಗಟ್ಟಿಯಿದ್ದರೆ ಜೂನ್‌ನಲ್ಲಿ ಎಲೆ ಕತ್ತರಿಸುವರು, ಮತ್ತೆ ಬರುವ ಎಲೆ ಸಣ್ಣದಾಗಿರುತ್ತದೆ. ಟೊಂಗೆ ಬಾಗಿಸಲು ಸುತ್ತಿದ ತಂತಿಯನ್ನು ಎರಡು ಮೂರು ತಿಂಗಳೊಳಗೆ ಬಿಚ್ಚಲೇಬೇಕು. ಮೇಪಲ್ ತೊಗಟೆ ತೆಳು, ತಂತಿ ಕಚ್ಚಿದ ಗುರುತು ವರ್ಷಗಟ್ಟಲೆ ಹೋಗುವುದಿಲ್ಲ. ಗೊಬ್ಬರ ಏನು ಗೊತ್ತೇನು? ಎಣ್ಣೆ ತೆಗೆದ ಸಾಸಿವೆ ಜಾತಿಯ ಕಾಳಿನ ಹಿಂಡಿ! ಅಷ್ಟು ದೂರ ಹೋಗಿ ಹಿಂಡಿಯ ವಾಸನೆ ಬಂದಾಗ ನನಗೆ ನಮ್ಮ ದನದ ಕೊಟ್ಟಿಗೆ ನೆನಪಾಯಿತು.

ಈಗ ಊರಿನ ಹಿರಿಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಅಲ್ಲೋ ತಮ್ಮಾ, ಗಿಡ ಬೆಳೀಲಾರದಂಗ ಕಟ್ಟಿ ಹಾಕೋದು ಪಾಪ ಅಲ್ಲೇನು? ಅದರ ಶಾಪ ತಟ್ಟಂಗಿಲ್ಲೇನು?" ಎಂದರು. ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು. ನಾನೂ ಇದನ್ನೇ ಅಜ್ಜನಿಗೆ ಕೇಳಿದ್ದೆ, ಅವರು ನಕ್ಕು ಸುಮ್ಮನಾದರು. ಉತ್ತರ ಸಿಕ್ಕಿದ್ದು ಊರಿಗೆ ಬಂದ ಮೇಲೆ, ನಮ್ಮ ಹೊಲದ ಬದುವಿನ ಮೇಲೆ.

ಅಲ್ಲಿ ಒಂದು ಬಾರೆ ಗಿಡ ಇದೆ. ನಾನು ಹುಡುಗನಾಗಿದ್ದಾಗಿನಿಂದ ಮೊಳಕಾಲೆತ್ತರವೇ ಇದೆ. ಆಡುಗಳು ದಿನಾ ಮೇಯ್ದು ಮೇಯ್ದು, ಬುಡ ತೋಳಿನಷ್ಟು ದಪ್ಪವಾಗಿ, ತಲೆ ಮಾತ್ರ ಗುಂಡಗೆ ಕತ್ತರಿಸಿದಂತಿದೆ. ಯಾವ ಅಜ್ಜನೂ ಅದಕ್ಕೆ ತಂತಿ ಸುತ್ತಿಲ್ಲ. ಯಾದಗಿರಿ ಕೋಟೆಯ ಗೋಡೆಗಳನ್ನು ನೋಡಿ, ಕಲ್ಲಿನ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಎದ್ದಿರುತ್ತದೆ. ನೆಲದ ಅರಳಿ ಆಕಾಶ ಮುಟ್ಟಿದರೆ, ಗೋಡೆಯದು ಮೂರು ಅಡಿಯಲ್ಲೇ ಮುದುಕಾಗಿರುತ್ತದೆ. ಇನ್ನು ತೊಗರಿ. ಬಿತ್ತಿ ಒಂದೂವರೆ ಎರಡು ತಿಂಗಳೊಳಗೆ ಕುಡಿ ಚಿವುಟಿರಿ ಎಂದು ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾರಲ್ಲ, ಈಗ ಅದಕ್ಕೆ ಬ್ಯಾಟರಿ ಯಂತ್ರವನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ. ಯಾಕೆ ಚಿವುಟುವುದು? ತುದಿಯ ಕುಡಿಯಲ್ಲಿ ಹುಟ್ಟುವ ಒಂದು ರಸ ಕೆಳಗಿಳಿದು ಪಕ್ಕದ ಮೊಗ್ಗುಗಳನ್ನು ಅದುಮಿ ಇಟ್ಟಿರುತ್ತದೆ. ವಿಜ್ಞಾನದ ಮೇಷ್ಟ್ರು ಅದನ್ನು ಆಕ್ಸಿನ್ ಎಂದು ಹೇಳಿಕೊಟ್ಟಿರುತ್ತಾರೆ. ಕುಡಿ ಹೋದರೆ ಪಕ್ಕದ ಮೊಗ್ಗುಗಳು ಒಡೆದು, ಟೊಂಗೆ ಹೆಚ್ಚಿ, ಹೂವು ಕಾಯಿ ಹೆಚ್ಚುತ್ತವೆ. ಮೇಪಲ್ ಚಿವುಟುವುದೂ ಇದೇ ಲೆಕ್ಕ. ತೊಗರಿ ಚಿವುಟುವುದು ಪಾಪವಲ್ಲ ಎಂದಾದರೆ ಇದೂ ಅಲ್ಲ.

ಆದರೆ ಆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ ಅಂತ ನಾನು ಒಪ್ಪುತ್ತೇನೆ. ಬಯಲಿನ ಗಿಡಕ್ಕೆ ಮಳೆ, ನೆಲ ಎರಡೂ ತಮ್ಮ ಪಾಡಿಗೆ ಇವೆ. ಕುಂಡಕ್ಕೆ ಹಾಕಿದ ಮೇಲೆ ಅದು ಪೂರ್ತಿ ನಿಮ್ಮ ಕೈಯಲ್ಲಿ. ಒಂದು ದಿನ ಮರೆತರೆ ಅದು ಕೂಗುವುದಿಲ್ಲ. ನನ್ನ ಕೆಲಸದಲ್ಲಿ ಸರ್ವರ್ ಕೆಟ್ಟರೆ ನಡುರಾತ್ರಿ ಫೋನ್ ಹೊಡೆದುಕೊಳ್ಳುತ್ತದೆ, ಗಿಡಕ್ಕೆ ಅಂಥ ಸೌಕರ್ಯ ಇಲ್ಲ. ಇನ್ನೊಂದು ಮಾತು. ನಗರಗಳಲ್ಲಿ ಕೆಲವರು ಹಳೆಯದಾಗಿ ಕಾಣಬೇಕೆಂದು ಗುಡ್ಡದ ಗಿಡಗಳನ್ನು ಬೇರು ಸಮೇತ ಕಿತ್ತು ತಂದು ಕುಂಡಕ್ಕೆ ಹಾಕುತ್ತಾರೆ, ಹೆಚ್ಚಿನವು ಸಾಯುತ್ತವೆ. ಅದನ್ನು ನಾನು ಪಾಪ ಎಂದೇ ಕರೆಯುತ್ತೇನೆ. ನಮ್ಮ ಗುಡ್ಡದ ಬನ್ನಿ, ಬಾರೆಗೆ ಯಾರಾದರೂ ಗುದ್ದಲಿ ಹಾಕಲು ಬಂದರೆ ನೀವು ತಡೆಯಬೇಕು.

2019ರಲ್ಲಿ ನಾನು ಹೊರಡುವ ಎರಡು ತಿಂಗಳು ಮುಂಚೆ ಅಜ್ಜ ಒಂದು ಸಂಜೆ ಕರೆದು ಕೂಡಿಸಿಕೊಂಡರು. ಅವರ ಮಗಳು ದೂರದ ನಗರದಲ್ಲಿ ಹತ್ತನೆಯ ಮಹಡಿಯ ಮನೆಯಲ್ಲಿದ್ದಳು, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲಷ್ಟೇ ಜಾಗ. ಅಜ್ಜನಿಗೆ ಬೆನ್ನು ಬಾಗಿತ್ತು, ಝಾರಿ ಎತ್ತಲು ಎರಡೂ ಕೈ ಬೇಕಾಗುತ್ತಿದ್ದವು. "ಈ ಮೇಪಲ್ಲನ್ನು ನಿನ್ನ ಊರಿಗೆ ತೆಗೆದುಕೊಂಡು ಹೋಗುತ್ತೀಯಾ?" ಎಂದು ಕೇಳಿದರು.

ಅಂಥ ಮಾತು ಕೇಳಿದಾಗ ಹೂಂ ಅನ್ನಬೇಕು ಎಂದೇ ಬಾಯಿ ಬರುತ್ತದೆ. ನಾನು ಎರಡು ದಿನ ಸಮಯ ಕೇಳಿದೆ. ಕಾನೂನಿನ ತೊಡಕು ಒಂದಿತ್ತು. ಹೊರದೇಶದಿಂದ ಜೀವಂತ ಗಿಡ ತರಲು ನಮ್ಮಲ್ಲಿ 2003ರ ಸಸ್ಯ ಸಂಗರೋಧ ಆದೇಶವಿದೆ, ಮೊದಲೇ ಪರವಾನಗಿ ಬೇಕು, ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಒಂದು ದೇಶದ ಹುಳ, ಬೂಷ್ಟು ಇನ್ನೊಂದು ದೇಶದ ಹೊಲಕ್ಕೆ ಬರಬಾರದು ಎಂಬುದಕ್ಕೆ ಈ ನಿಯಮ, ಒಳ್ಳೆಯ ನಿಯಮವೇ. ಓಡಾಡಿದರೆ ಕಾಗದ ಸಿಗಬಹುದಿತ್ತೇನೋ. ಆದರೆ ಕಾಗದ ಸಿಕ್ಕ ಮೇಲೆ ಬರಬೇಕಾಗಿದ್ದು ಅಬ್ಬೆತುಮಕೂರಿಗೆ.

ಬಿಸಿಲು ಒಂದೇ ಕಾರಣ ಅಂತ ತಿಳಿಯಬೇಡಿ. ಅದೇ ಸೈತಾಮ ಪ್ರಾಂತ್ಯದ ಕುಮಗಾಯ ಎಂಬ ಊರಿನಲ್ಲಿ 2018ರ ಜುಲೈ 23ರಂದು 41.1 ಡಿಗ್ರಿ ದಾಖಲಾಯಿತು, ಆಗ ಅದು ಇಡೀ ಜಪಾನಿಗೇ ದಾಖಲೆ. ಆ ವಾರ ಅಜ್ಜ ಮೇಪಲ್ಲನ್ನು ನೆರಳು ಬಲೆಯ ಕೆಳಗೆ ಸರಿಸಿ, ಕುಂಡದ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಎಲೆಯ ಅಂಚು ಸುಟ್ಟು ಕಂದಾದವು, ಗಿಡ ಮಾತ್ರ ಉಳಿಯಿತು. ಅಲ್ಲಿ ಅಂಥ ಬಿಸಿಲು ಕೆಲವು ದಿನ, ಗಾಳಿಯಲ್ಲಿ ತೇವವೂ ಇರುತ್ತದೆ. ನಮ್ಮಲ್ಲಿ ಮಾರ್ಚ್‌ನಿಂದ ಮಿರಗ ಕೂಡುವವರೆಗೆ, ಒಣಗಾಳಿ ಬೇರೆ. ಅದನ್ನೂ ನೆರಳು, ನೀರು ಮಾಡಿ ಹೇಗೋ ದಾಟಿಸಬಹುದು ಅನ್ನೋಣ. ದಾಟಿಸಲಾಗದ್ದು ಚಳಿಯ ಕೊರತೆ. ಮೇಪಲ್ ಎಲೆ ಉದುರಿಸಿದ ಮೇಲೆ ಹಲವು ವಾರ ನಿಜವಾದ ಚಳಿಯಲ್ಲಿ ಮಲಗಬೇಕು. ಸೈತಾಮದಲ್ಲಿ ಜನವರಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಕುಂಡದ ಮೇಲೆ ಇಬ್ಬನಿ ಗಟ್ಟಿಯಾಗಿ ಬಿಳಿ ಪುಡಿಯಂತೆ ಕೂತಿರುತ್ತದೆ. ಆ ಚಳಿಯ ಲೆಕ್ಕ ಮುಗಿದರೇನೇ ಮೊಗ್ಗು ಎಚ್ಚರವಾಗುವುದು. ಚಳಿ ಸಿಗದಿದ್ದರೆ ಮೊಗ್ಗು ಒಂದು ಕಡೆ ಒಡೆದು, ಇನ್ನೊಂದು ಕಡೆ ಒಡೆಯದೆ, ಟೊಂಗೆ ಒಂದೊಂದಾಗಿ ಒಣಗಿ, ಕೆಲವು ವರ್ಷದಲ್ಲಿ ಗಿಡ ದಣಿದು ಸಾಯುತ್ತದೆ. ಯಾದಗಿರಿಯ ಡಿಸೆಂಬರ್ ರಾತ್ರಿಗೆ ನಾವು ಕಂಬಳಿ ಹೊದ್ದುಕೊಳ್ಳುತ್ತೇವೆ, ಮೇಪಲ್‌ಗೆ ಅದು ಮಲಗುವ ಚಳಿಯೇ ಅಲ್ಲ. ಬೆಂಗಳೂರಿನದೂ ಅಲ್ಲ. ಬಿಸಿ ನಾಡಿನ ಕೆಲವು ಹವ್ಯಾಸಿಗಳು ಚಳಿಗಾಲದಲ್ಲಿ ಗಿಡವನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ. ನಲವತ್ತು ವರ್ಷ ಬಯಲಲ್ಲಿ ನಿಂತ ಜೀವವನ್ನು ಹಾಲಿನ ಪಾಕೀಟಿನ ಪಕ್ಕ ಇಟ್ಟು ಸಾಕುವುದು ನನಗೆ ಒಪ್ಪಿಗೆಯಾಗಲಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ನೀಲಿ ಮೇಪಲ್, ನೇರಳೆ ಮೇಪಲ್ ಎಂದು ಬಣ್ಣ ಬದಲಿಸಿದ ಫೋಟೋ ಹಾಕಿ ಬೀಜ ಮಾರುತ್ತಾರೆ. ನೀಲಿ ಎಲೆಯ ಮೇಪಲ್ ಜಗತ್ತಿನಲ್ಲಿ ಇಲ್ಲ. ದುಡ್ಡು ಹಾಕಬೇಡಿ.

ಅಜ್ಜನಿಗೆ ನಾನು ಇಲ್ಲ ಎಂದೆ. ಯಾಕೆ ಎನ್ನುವುದನ್ನು ನನಗೆ ಬರುವ ಅರ್ಧಂಬರ್ಧ ಜಪಾನಿ ಭಾಷೆಯಲ್ಲಿ ಹೇಳಿದೆ. ನಮ್ಮ ಊರಿನ ಮೇ ತಿಂಗಳು ಹೇಗಿರುತ್ತದೆ, ಡಿಸೆಂಬರ್ ಹೇಗಿರುತ್ತದೆ ಎಂದು ಮೊಬೈಲಿನಲ್ಲಿ ತಾಪಮಾನ ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ, "ಹಾಗಾದರೆ ಬೇಡ" ಎಂದು ಒಳಗೆ ಹೋಗಿ ಚಹಾ ತಂದರು. ಅವರ ಮುಖ ನೋಡುವುದು ನನಗೆ ಕಷ್ಟವಾಯಿತು. ಅಲ್ಲಿಯ ನರ್ಸರಿಗಳು ಬೇರೆಯವರ ಗಿಡಗಳನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವ ಪದ್ಧತಿಯಿದೆ. ಕೊನೆಗೆ ಅಜ್ಜ ಮೇಪಲ್ಲನ್ನು ಓಮಿಯದ ಒಂದು ನರ್ಸರಿಗೆ ಒಪ್ಪಿಸಿದರು. ನಾನು ಜೊತೆಗೆ ಹೋಗಿದ್ದೆ. ಅಲ್ಲಿಯ ಹುಡುಗ, ನನ್ನ ವಯಸ್ಸಿನವನು, ಗಿಡಕ್ಕೆ ಕೈ ಹಚ್ಚುವ ಮುಂಚೆ ಅಜ್ಜನಿಗೆ ತಲೆ ಬಾಗಿಸಿದ.

ಹೀಗೆ ಕೈಯಿಂದ ಕೈಗೆ ಹೋದ ಒಂದು ಗಿಡ ಅಮೆರಿಕದ ವಾಷಿಂಗ್ಟನ್‌ನಲ್ಲಿದೆ. ಮೇಪಲ್ ಅಲ್ಲ, ಬಿಳಿ ಪೈನ್. 1625ರಿಂದ ಕುಂಡದಲ್ಲಿದೆ ಎಂದು ಲೆಕ್ಕ. ಹಿರೋಶಿಮಾದ ಯಮಾಕಿ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಸಾಕಿದ್ದರು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಆ ಮನೆ ಸುಮಾರು ಎರಡು ಮೈಲಿ ದೂರದಲ್ಲಿತ್ತು. ಹಿತ್ತಲಿನ ಗೋಡೆಯ ಮರೆಯಲ್ಲಿದ್ದ ಕುಂಡ ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೇ ಕಾಣಿಕೆ ಕೊಟ್ಟರು, ಬಾಂಬಿನ ಮಾತು ಅಲ್ಲಿಯವರಿಗೆ ಗೊತ್ತಾಗಲಿಲ್ಲ. 2001ರಲ್ಲಿ ಅವರ ಮೊಮ್ಮಕ್ಕಳು ಗಿಡ ನೋಡಲು ಹೋದಾಗಲೇ ಸಂಗತಿ ಹೊರಬಂದದ್ದು. ಬಾಂಬು ಬಿದ್ದ ಮರುದಿನ, ಊರೆಲ್ಲ ಸುಟ್ಟುಹೋದಾಗ, ಆ ಗಿಡಕ್ಕೆ ಯಾರು ನೀರು ಹಾಕಿದರು ಎಂದು ನಾನು ಆಗಾಗ ಯೋಚಿಸುತ್ತೇನೆ. ಆಗಸ್ಟ್ ತಿಂಗಳು ಅದು.

ಊರಿಗೆ ಬಂದವನು ಮೇಪಲ್ ತರಲಿಲ್ಲ, ಅಜ್ಜನ ಕೆಲಸ ತಂದೆ. ಆ ವರ್ಷ ಮಿರಗದಲ್ಲಿ ನಮ್ಮ ಹೊಲದ ಹುಣಸೆಯ ಐದು ಬೀಜ ನೀರಲ್ಲಿ ಒಂದು ರಾತ್ರಿ ನೆನೆಸಿ ಊರಿದೆ. ನಾಲ್ಕು ಎದ್ದವು. ಹುಣಸೆಗೆ ಚಳಿಯ ಹಂಗಿಲ್ಲ, ನಮ್ಮ ಬಿಸಿಲು ಅದಕ್ಕೆ ತವರು. ಎಲೆ ಹುಟ್ಟುತ್ತಲೇ ಸಣ್ಣದು, ಕುಂಡದಲ್ಲಿ ಇನ್ನೂ ಚೆಂದ. ಸಂಜೆಯಾದರೆ ಎಲೆ ಮುಚ್ಚಿ ಮಲಗುತ್ತದೆ. ನಡುಹಗಲಲ್ಲೇ ಮುಚ್ಚಿ ಜೋತುಬಿದ್ದರೆ ನೀರು ಕೇಳುತ್ತಿದೆ ಎಂದು ತಿಳಿಯಬೇಕು. ಆಲ, ಅರಳಿ, ಅತ್ತಿ, ಕಾಗದದ ಹೂವಿನ ಗಿಡ ಇವೂ ಕುಂಡಕ್ಕೆ ಬಗ್ಗುತ್ತವೆ. ಮೈಸೂರಿಗೆ ಪ್ರವಾಸ ಹೋದಾಗ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ, ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್‌ನ ಬೋನ್ಸಾಯ್ ಭಾಗ ನೋಡಿ, ನಮ್ಮ ಮರಗಳೇ ಅಲ್ಲಿ ಕುಂಡದಲ್ಲಿ ಕೂತಿವೆ.

ಅಕದಾಮ ಇಲ್ಲಿ ಸಿಗುವುದಿಲ್ಲ, ಸಿಕ್ಕರೂ ಬೆಲೆ ಹೆಚ್ಚು. ಗುಡ್ಡದ ಕೆಂಪು ಮಣ್ಣು, ಜೋಳದ ಕಾಳಿನಷ್ಟು ಗಾತ್ರಕ್ಕೆ ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಒಂದು ಹಿಡಿ ಹಳೆಯ ತಿಪ್ಪೆಗೊಬ್ಬರ, ಇಷ್ಟು ಸಾಕು. ನಮ್ಮ ಎರೆ ಮಣ್ಣನ್ನು ಮಾತ್ರ ಹಾಕಬೇಡಿ. ಹೊಲದಲ್ಲಿ ಅದು ಬಂಗಾರ. ಕುಂಡದಲ್ಲಿ ಒದ್ದೆಯಾದಾಗ ಅಂಟಾಗಿ ನೀರು ಹಿಡಿದಿಡುತ್ತದೆ, ಒಣಗಿದಾಗ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿದು ಹಾಕುತ್ತದೆ. ಕುಂಡಕ್ಕೆ ಒಡೆದ ಗಡಿಗೆಯ ತಳವೇ ಆದೀತು, ಮೂರು ತೂತು ಕೊರೆದರೆ ಆಯಿತು. ತಂತಿಗೆ ಸುಟ್ಟುಹೋದ ಮೋಟಾರಿನ ತಾಮ್ರ. ಗೊಬ್ಬರಕ್ಕೆ ಶೇಂಗಾ ಹಿಂಡಿ, ಬೇವಿನ ಹಿಂಡಿ ಸ್ವಲ್ಪ ಸ್ವಲ್ಪ. ಬೇರು ಕತ್ತರಿಸಿ ಕುಂಡ ಬದಲಿಸಲು ನಮ್ಮಲ್ಲಿ ಫೆಬ್ರುವರಿ ಸಲ್ಲದು, ಮುಂದೆ ಬೇಸಿಗೆ ಬಾಯಿ ತೆರೆದು ನಿಂತಿರುತ್ತದೆ. ಮಳೆ ಹಿಡಿದ ಮೇಲೆ ಮಾಡಬೇಕು.

ನಾನು ಬೆಂಗಳೂರಿನಲ್ಲಿ, ಗಿಡ ಇಲ್ಲಿ. ಹಾಗಾಗಿ ಸಾಕಿದವಳು ನನ್ನ ಅವ್ವ. ಮೊದಲ ವರ್ಷ ಅವಳಿಗೆ ಇದು ಮಗನ ಹುಚ್ಚು ಅನ್ನಿಸಿತ್ತು. "ಕುಡಿಯೋ ನೀರಿಗೆ ಕೊಡ ಹಿಡದು ನಿಂತಾವ್ರು ನಾವು, ಇದಕ್ಕೆಲ್ಲಿಂದ ತರಲಿ?" ಅಂದಳು. ನ್ಯಾಯವಾದ ಮಾತು. ದಿನಕ್ಕೆ ಒಂದು ಚರಗಿ, ಅಕ್ಕಿ ಬ್ಯಾಳಿ ತೊಳೆದ ನೀರಾದರೂ ನಡೆಯುತ್ತದೆ ಎಂದೆ. ಆಮೇಲೆ ಅವಳೇ ನನಗಿಂತ ಮುಂದೆ ಹೋದಳು. ಏಪ್ರಿಲ್‌ನಲ್ಲಿ ಅಗಲ ಬುಟ್ಟಿಯಲ್ಲಿ ಮರಳು ತುಂಬಿ, ಕುಂಡವನ್ನು ಅದರೊಳಗೆ ಕುತ್ತಿಗೆವರೆಗೆ ಹೂತಿಟ್ಟು, ಮರಳಿಗೆ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದಳು. ಕುಂಡದ ಮೈ ಕಾಯುವುದಿಲ್ಲ. ಹನ್ನೊಂದರಿಂದ ಐದರವರೆಗೆ ಬೇವಿನ ನೆರಳು. ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಕುಡಿಯುವ ನೀರಿನ ಗಡಿಗೆಯನ್ನು ಬೇಸಿಗೆಯಲ್ಲಿ ಮರಳ ಮೇಲೆ ಕೂಡಿಸುವವಳಿಗೆ ಅದು ಗೊತ್ತೇ ಇತ್ತು. ದಿನಾ ಸಂಜೆ ಫೋನಿನಲ್ಲಿ ಊಟ ಆಯಿತೇನು ಎಂದು ಕೇಳುವ ಮುಂಚೆ, "ನೀರ ಹಾಕೀನಿ" ಅನ್ನುತ್ತಾಳೆ.

ಹೋದ ಬೇಸಿಗೆ ಅವ್ವನಿಗೆ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಹದಿನೈದು ದಿನ ಬಗ್ಗುವಂತಿಲ್ಲ, ಮೇ ತಿಂಗಳು. ನಾನು ರಜೆ ಹಾಕಿ ಬಂದದ್ದು ಐದು ದಿನ. ಉಳಿದ ಹತ್ತು ದಿನ ನಾಲ್ಕು ಹುಣಸೆಗಳನ್ನು ಉಳಿಸಿದವಳು ನಮ್ಮ ಓಣಿಯ ಒಬ್ಬ ಹುಡುಗಿ, ಇದೇ ಶಾಲೆಯ ಎಂಟನೆಯ ತರಗತಿಯವಳು. ಅವಳ ಹೆಸರು ಹೇಳಿದರೆ ನಾಚಿಕೊಂಡು ಓಡಿಹೋಗುತ್ತಾಳೆ, ಅಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಯಾರೂ ಹೇಳದೆ ಅವಳು ಬೆರಳು ಇಳಿಸಿ ಮಣ್ಣು ನೋಡುವುದನ್ನು ಅವ್ವನಿಂದ ಕಲಿತಿದ್ದಳು. ಅಜ್ಜ ಹೇಳಿದ ಮೂರು ವರ್ಷ ಅವಳಿಗೆ ಹತ್ತು ದಿನವೇ ಆಯಿತು!

ಅಜ್ಜ ಈಗ ಇಲ್ಲ. ಮಗಳು ಪತ್ರ ಬರೆದು ತಿಳಿಸಿದಳು. ಜೊತೆಗೆ ಒಂದು ಫೋಟೋ ಇತ್ತು, ನರ್ಸರಿಯ ಹಲಗೆಯ ಮೇಲೆ ಕೆಂಪಾಗಿ ನಿಂತ ಮೇಪಲ್.

ಈಗ ಶಾಲೆಗೆ ನನ್ನ ಕಡೆಯಿಂದ ಒಂದು ವಿನಂತಿ. ಆ ನಾಲ್ಕರಲ್ಲಿ ಮೂರು ಹುಣಸೆಗಳನ್ನು ಇಲ್ಲಿಗೆ ತಂದಿದ್ದೇನೆ, ಹೊರಗೆ ಜಗಲಿಯ ಮೇಲಿವೆ. ಆರನೆಯ ವರ್ಷ ನಡೆದಿದೆ, ಬುಡ ಹೆಬ್ಬೆರಳಿಗಿಂತ ದಪ್ಪವಾಗಿದೆ. ನಾಲ್ಕನೆಯದನ್ನು ಅವ್ವ ಕೊಡಲಿಲ್ಲ. ಶಾಲೆಗಳಲ್ಲಿ ಕುಂಡದ ಗಿಡಗಳು ಯಾವಾಗ ಸಾಯುತ್ತವೆ ಎಂಬುದು ಎಲ್ಲ ಗುರುಗಳಿಗೂ ಗೊತ್ತು. ಏಪ್ರಿಲ್ 10ರ ನಂತರ, ಪರೀಕ್ಷೆಯ ಫಲಿತಾಂಶ ಓದಿ ಗೇಟಿಗೆ ಬೀಗ ಹಾಕಿದ ಮೇಲೆ. ಆದ್ದರಿಂದ ಗಿಡ ಕೊಡುವುದಕ್ಕಿಂತ ಮುಂಚೆ ನಾನು ಮುಖ್ಯಗುರುಗಳ ಜೊತೆ ಕೂತು ಬೇಸಿಗೆ ರಜೆಯ ಸರದಿ ಮಾತಾಡಿದ್ದೇನೆ. ಶಾಲೆಯ ಹತ್ತಿರದ ಓಣಿಗಳ ಹನ್ನೆರಡು ಮಕ್ಕಳು ಹೆಸರು ಕೊಟ್ಟಿದ್ದಾರೆ, ಒಬ್ಬರಿಗೆ ನಾಲ್ಕು ಐದು ದಿನ ಬರುತ್ತದೆ. ರಜೆಯಲ್ಲಿ ಕುಂಡಗಳು ಗೇಟಿನ ಒಳಗಲ್ಲ, ಸರದಿಯವರ ಮನೆಯಲ್ಲಿ ಇರುತ್ತವೆ. ಊರಿಗೆ ಹೋಗುವವರು ಮುಂದಿನವರ ಕೈಗೆ ಕೊಟ್ಟೇ ಹೋಗಬೇಕು. ಬಾಗಿಲ ಮುಂದೆ ಇಟ್ಟು ಹೋಗುವಂತಿಲ್ಲ, ಕೈಗೆ ಕೊಡಬೇಕು.

ಮಿರಗ ಕೂಡಿದ ಮೊದಲನೆಯ ಭಾನುವಾರ ನಾನು ಬರುತ್ತೇನೆ. ಮೂರಕ್ಕೂ ಬೇರು ಕತ್ತರಿಸುವುದಿದೆ. ಕತ್ತರಿ, ತಂತಿ ನಾನು ತರುತ್ತೇನೆ. ಕೆಂಪು ಮಣ್ಣು, ಇಟ್ಟಿಗೆ ಚೂರು ನೀವು ಜರಡಿ ಹಿಡಿದು ಇಟ್ಟಿರಿ.